ಅಕ್ಕಾತಾಯಿಯ ತಂಬಿಗಿ

ಹದಿಮೂರನೇ ದಿನ ಕ್ಯಾಂಪಿನಿಂದ ಬಂದು
ರಾಜಾಪುರದ ಮನಿ ಕದ ದೂಡಿದರ ಸರೀಲಿಲ್ಲ.
ಒಳಗಿನಿಂದ ರಾಡಿ ಒತ್ತಿ ಹಿಡದಿತ್ತು,
ಮನಿ ತಂದ ಅನ್ನೂ ಹಂಗ.

ಮನಿ ಎರಡು ದಿನದಾಗ ತೊಳದಿವಿ.
ಹಿತ್ತಲ ಹಂಗ ಉಳೀತು.
ಮೊಣಕಾಲ ಮಟ ಕರೀ ರಾಡಿ, ಬಿಸಲಿಗೆ ಬಿರದ ಕೆನಿ,
ಅದರಾಗ ಅರ್ಧ ಹುಗದ ದಾಸಾಳ,
ಹೀರಿ ಚಪ್ಪರದ ತಂತಿಗೆ ಯಾರದೋ ಲಂಗ.
ಕರಿಬೇವು ಒಂದ ನಿಂತಿತ್ತು,
ತಲಿ ಮ್ಯಾಲೆ ಬೂದಿ ಸುರವಿಕೊಂಡು.

ಜಿನ್ನಪ್ಪ ಸಲಿಕಿ ತಂದ.
ಆಯಿ ಹಿತ್ತಲ ಬಾಗಲದಾಗ ಕುಂತಳು, ಅಡ್ಡ.
"ಚಾತುರ್ಮಾಸ ಐತಿ. ನೆಲ ಅಗಿಯೂದಿಲ್ಲ."
"ಇದು ನೆಲ ಅಲ್ಲ ಆಯಿ, ಹೊಳಿ ತಂದದ್ದು."
ಸಂತ್ಯಾಗ ಅರಿವಿ ನೋಡೂ ಹಂಗ
ಎರಡು ಬೆರಳಾಗ ರಾಡಿ ತಿಕ್ಕಿ ನೋಡಿದಳು ಆಕಿ.
"ಹೊಳೀದು ಎಲ್ಲೀ ತನಕ, ನಮ್ಮದು ಎಲ್ಲಿಂದ?
ಮೊದಲ ಅದನ್ನ ಹೇಳು."

ಯಾರೂ ಹೇಳಲಿಲ್ಲ.
ಕಡೀಕೆ ಸಲಿಕಿ ಗ್ವಾಡಿಗೆ ಆನಿಸಿ
ಡಬ್ಬಿ ಮುಚ್ಚಳ, ಪರಾತ, ನನ್ನ ಮದಿವಿ ತಾಟು.
ಕೆರಿಯೂದು ನಡೀತದಂತ, ಅಗಿಯೂದಲ್ಲ.
ಹುಡುಗರಿಗೆ ಚಮಚ.
ಎರಿಹುಳ ಕಂಡರ ಎಲ್ಲಾರೂ ನಿಂದರಬೇಕು.
ಆಯಿ ಬರಬೇಕು, ಕಡ್ಡೀಲೆ ಎತ್ತಿ
ಬಾಳಿ ಎಲಿ ಮ್ಯಾಲೆ ಇಡಬೇಕು, ಆಮ್ಯಾಲೆ ಮುಂದ.
ಓಣಿಯವರು ಎರಡು ದಿನದಾಗ ಮುಗಿಸಿದ್ದು
ನಮಗ ಹನ್ನೊಂದು ದಿನ ಹಿಡೀತು.
ಓಣಿಯವರು ನಕ್ಕರು. ನಾನೂ ಒಳಗ ಹೋಗಿ ನಕ್ಕೆ.

ಐದನೇ ದಿನ ಸನ್ಮತಿಯ ಚಮಚ ಠಣ್ ಅಂತು.
ತಾಮ್ರದ ತಂಬಿಗಿ, ಬಾಯಿ ತುಂಬ ರಾಡಿ.
ಹುಣಸಿಹಣ್ಣು ಹಚ್ಚಿ ತಿಕ್ಕಿದರ ಕೊಳ್ಳಿನ ಕೆಳಗ
ಚುಕ್ಕಿ ಚುಕ್ಕಿ ಮರಾಠಿ ಅಕ್ಷರ.
ರೂಪಾಲಿ ಓದಿದಳು:
ಸೌ. ಅಕ್ಕಾತಾಯಿ. ಔರವಾಡ.
ಹೊಳಿ ಮ್ಯಾಲಿನ ಊರು.
ಬಸ್ಸಿಗೆ ಎರಡು ಸಲ ಬದಲಿ ಮಾಡಬೇಕು ಅಲ್ಲಿಗೆ.
ತಂಬಿಗಿ ಒಂದ ದಮ್ಮಿಗೆ ಬಂದಿತ್ತು.

ಹಿತ್ತಲ ಮುಗದ ಮರುದಿನ ಐತವಾರ.
"ಕೊಟ್ಟು ಬರೂನು" ಅಂದಳು ಆಯಿ.
ಟೆಂಪೋದಾಗ ಏಳು ಮಂದಿ, ಒಂದು ತಂಬಿಗಿ,
ಚಪಾತಿ, ಹೆಸರಕಾಳ ಪಲ್ಲೆ, ಶೇಂಗಾ ಚಟ್ನಿ.
ತಿಂಗಳಾದ ಮ್ಯಾಲೆ ಎಲ್ಲಾರ ಮೈಮ್ಯಾಲೂ ಒಣಾ ಅರಿವಿ.
ಗಿಡದ ನೆತ್ತಿಗೆ ಕಬ್ಬಿನ ರವದಿ, ಪ್ಲಾಸ್ಟಿಕ್,
ಒಂದು ಸಾಲಿ ಚೀಲ.
"ಅಷ್ಟು ಮ್ಯಾಲೆ?" ಅಂದ ಸನ್ಮತಿ.
ಜಿನ್ನಪ್ಪ ರೇಡಿಯೋ ಹಚ್ಚಿದ.

ಔರವಾಡದಾಗ ಮೂರು ಮಂದಿ ಅಕ್ಕಾತಾಯಿ.
ಮೊದಲಿನಾಕಿ ದೂರದಿಂದಲೇ ಅಂದಳು: "ನಂದು ಹಿತ್ತಾಳಿ."
ಎರಡನೇದಾಕಿ ತಂಬಿಗಿ ಕೈಯಾಗ ಹಿಡದು ತಿರುವಿ ತಿರುವಿ
"ನಂದ ಅಂದರ ನಂದ ಆಗತಿತ್ತು ನೋಡ್ರಿ"
ಅಂತ ನಕ್ಕು ತಿರುಗಿ ಕೊಟ್ಟಳು, ಚಾ ಕಾಸಿದಳು.
ಆಕಿ ಹಿತ್ತಲದಾಗೂ ಅದ ಕರೀ ರಾಡಿ.
ಆಯಿ ಕಪ್ಪು ಕೆಳಗಿಟ್ಟು, ಕೇಳದ ಹೋಗಿ
ಸೆರಗು ಸಿಗಿಸಿ ಕುಂತಳು.
"ಮುಚ್ಚಳ ಐತೇನ ತಂಗಿ? ಹುಡುಗರಿಗೆ ಚಮಚ?"
ಹಂಗ ನಮ್ಮ ಐತವಾರ.
ಮೂರನೇ ಅಕ್ಕಾತಾಯಿ ಮಗಳ ಊರಿಗೆ ಹೋಗ್ಯಾಳಂತ,
ಫೋನು ಹತ್ತಲಿಲ್ಲ.

ಹೊತ್ತು ಮುಳಗಿದ ಮ್ಯಾಲೆ ಆಯಿ ಉಣ್ಣೂದಿಲ್ಲ.
ಸೇತುವಿ ಬಾಜೂಕ ಜಿನ್ನಪ್ಪ ಬ್ರೇಕು ಒತ್ತಿದ.
ಸೂರ್ಯಾ ಕಬ್ಬಿನ ಮ್ಯಾಲೆ ಒಂದು ಮೊಳ.
ಗಡಬಡಿಸಿ ಬುತ್ತಿ ಬಿಚ್ಚಿದಿವಿ,
ಉಗುರಾಗ ಇನ್ನೂ ಔರವಾಡದ ರಾಡಿ.
ಕೆಳಗ ಹೊಳಿ, ಎರಡು ಕಂಬದ ನಡುವ ಅಷ್ಟ.
ಎರಡನೇ ಅಕ್ಕಾತಾಯಿ ಸೋಸಿ ಕೊಟ್ಟ ನೀರು
ಮೂರನೇ ಅಕ್ಕಾತಾಯಿಯ ತಂಬಿಗ್ಯಾಗಿತ್ತು.
ಆಯಿ ತುಟಿಗೆ ತಾಕಸದ ಎತ್ತಿ ಕುಡದಳು,
ಬಾಯಿ ಒರಸಿಕೊಂಡಳು,
"ಮುಂದಿನ ಐತವಾರ ಮತ್ತ ಬರೂನು" ಅಂದಳು.
ಹುಡುಗರು ಹೋ ಅಂದರು.
ಅಷ್ಟರಾಗ ಹೊತ್ತು ಮುಳಗಿತು.