ಮಾತಿಗೆ ನಾಲ್ಕು ಅಂಕ

ಬೈತಖೋಲದ ಬಂದರಿನಿಂದ ತಂದರು, ರಾತ್ರಿ ಒಂದೂ ಹತ್ತು.
ಬಲೆ ಎತ್ತುವ ಕಪ್ಪಿ ಕಳಚಿ ತಲೆಗೆ ಬಿದ್ದದ್ದು.
ಪುರ್ಸು ತಾಂಡೇಲ, ನಲವತ್ತೆರಡು.
ಮೈತುಂಬ ತಾರ್ಲೆಯ ಹುರುಪೆ;
ಟ್ಯೂಬ್‌ಲೈಟಿನ ಕೆಳಗೆ ಹೊಳೆದದ್ದು ಅವೇ, ಕಣ್ಣಲ್ಲ.

ನಾಲ್ವರು ಎತ್ತಿದರು, ನಾನು ತಲೆ ಹಿಡಿದೆ.
ಕತ್ತು ತಿರುಗಬಾರದು, ದೋಣಿ ದಡಕ್ಕೆ ಸರಿಸುವ ಹಾಗೆ
ಎಲ್ಲ ಒಟ್ಟಿಗೆ, ಅಂದೆ.
ಅದು ಅವರಿಗೆ ಗೊತ್ತಿದ್ದ ಕೆಲಸ.
ಅವನ ಅಳತೆಯ ಕಾಲರ್ ಸ್ಟೋರಿನಲ್ಲಿ ಇರಲಿಲ್ಲ,
ಎರಡು ಟವೆಲ್ ಸುತ್ತಿ ಕಿವಿಯ ಆಚೀಚೆ ಒತ್ತಿಟ್ಟೆ.
ಎಡಕಿವಿಯಿಂದ ರಕ್ತ. ಹಾಸಿನ ಮೇಲೆ
ಕೆಂಪಿನ ಸುತ್ತ ತಿಳಿನೀರಿನ ಒಂದು ಬಳೆ.
ಆ ಬಳೆ ಕಂಡರೆ ಮೂಗಿಗೆ ನಳಿಗೆ ಹಾಕಬಾರದು.
ಹದಿನಾರು ವರ್ಷದಿಂದ ನನಗೆ ಆ ಬಳೆಯ ಭಯ.

ನಮ್ಮ ಪರೀಕ್ಷೆಗೆ ಹದಿನೈದು ಅಂಕ:
ಕಣ್ಣಿಗೆ ನಾಲ್ಕು, ಮಾತಿಗೆ ಐದು, ಕೈಕಾಲಿಗೆ ಆರು.
ಸೊನ್ನೆ ಇಲ್ಲ ಇದರಲ್ಲಿ; ಹೆಣಕ್ಕೂ ಮೂರು ಕೊಡಬೇಕು.
ಕರೆದರೆ ಕಣ್ಣು ಬಿಡದವನ
ಹೆಗಲ ಮಾಂಸ ಹಿಡಿದು ಹಿಂಡಬೇಕು.
ಹೊಸ ಹುಡುಗಿಯರು ಮೊದಲ ಸಲ ಕ್ಷಮಿಸಿ ಎನ್ನುತ್ತಾರೆ.
ನಾನು ಈಗಲೂ ಅನ್ನುತ್ತೇನೆ, ಯಾರಿಗೂ ಕೇಳಿಸದ ಹಾಗೆ.

ಡಾಕ್ಟರು ಬೀದರಿನ ಹುಡುಗ, ಬಂದು ಎರಡು ತಿಂಗಳು.
ಹೆಸರೇನು, ಕೇಳಿದರು.
"ಓಡ," ಅಂದ ಪುರ್ಸು. "ಓಡ, ಓಡ."
ಎಲ್ಲಿಗೆ ಓಡಬೇಕಂತೆ ಪಾಪ, ಎನ್ನುತ್ತ ಮೂರು ಬರೆದರು:
ಮಾತಿದೆ, ಸಂಬಂಧವಿಲ್ಲ.

ಸರ್, ಅದು ಕನ್ನಡದ ಓಡು ಅಲ್ಲ.
ಕೊಂಕಣಿಯಲ್ಲಿ ಎಳೆ ಅಂತ. ಬಲೆ ಎಳೆಯುತ್ತಿದ್ದಾನೆ.
ಬಗ್ಗಿ ಕಿವಿಯ ಹತ್ತಿರ ಕೇಳಿದೆ: ಖಂಯ ಆಸಾ ತೂಂ?
ತುಟಿ ಒದ್ದೆ ಮಾಡಿಕೊಂಡು ಹೇಳಿದ: ದರ್ಯಾಂತ.
ಸಮುದ್ರದಲ್ಲಂತೆ.
ತಪ್ಪು ಉತ್ತರ; ಆದರೆ ಉತ್ತರ.
ಮೂರನ್ನು ಹೊಡೆದು ನಾಲ್ಕು ಮಾಡಿ ಸಹಿ ಹಾಕಿದರು.
ಬಾಗಿಲಲ್ಲಿದ್ದ ಅವನ ಹೆಂಡತಿ ಶೇವಂತಿಗೆ
ಒಂದು ಅಂಕ ಎಂದರೆಷ್ಟು ಎಂದು ನಾನು ಹೇಳಹೋಗಲಿಲ್ಲ.

ಹದಿನೈದು ನಿಮಿಷಕ್ಕೊಮ್ಮೆ ಟಾರ್ಚು.
ಬೆಳಕು ಬಿದ್ದೊಡನೆ ಪಾಪೆ
ಮರಳೇಡಿ ಬಿಲಕ್ಕಿಳಿದಂತೆ ಒಳಗೆ ಸರಿಯಬೇಕು.
ಎರಡೂ ಸರಿದವು. ಎರಡೂ ಸರಿದವು.
ಮೂರೂ ಇಪ್ಪತ್ತಕ್ಕೆ ಬಲದ್ದು ಸರಿಯಿತು,
ಎಡದ್ದು ಬಿಲದ ಬಾಯಲ್ಲೇ ಕೂತಿತ್ತು, ದೊಡ್ಡದಾಗಿ.
ನಾಡಿ ಐವತ್ತೆರಡು. ಬಿಪಿ ಮೇಲೆ, ಇನ್ನೂ ಮೇಲೆ.
ಓಡ ನಿಂತಿತ್ತು.

ಮ್ಯಾನಿಟಾಲ್ ಹರಿಸಿದೆ, ಮಂಚದ ತಲೆಯ ಕಡೆ ಏರಿಸಿದೆ.
ಡಾಕ್ಟರ ಕೈ ನಡುಗಿತು, ಗಂಟಲಿಗೆ ನಳಿಗೆ ಇಳಿಯಿತು.
ನಳಿಗೆ ಇಳಿದವನ ಮಾತಿಗೆ ಅಂಕವಿಲ್ಲ,
ಆ ಕಾಲಮಿನಲ್ಲಿ ಟಿ ಎಂದು ಬರೆದು ಬಿಡುತ್ತೇವೆ.

ತಲೆಯೊಳಗೆ ರಕ್ತ ಕಟ್ಟಿದರೆ
ನಮ್ಮೂರಲ್ಲಿ ಮುಂದಿನ ಔಷಧ ರಸ್ತೆಯೇ.
ಅಂಕೋಲೆ, ಕುಮಟೆ, ಇನ್ನೂ ಮಣಿಪಾಲ ಎಷ್ಟೋ ದೂರ,
ಅವನ ಉಸಿರು ನನ್ನ ಬಲಗೈಯಲ್ಲಿ:
ಒತ್ತು, ಬಿಡು. ಒತ್ತು, ಬಿಡು.
ಶರಾವತಿಯ ಸೇತುವೆಯ ಮೇಲೆ, ಯಾವಾಗ ಶುರುವಾಯಿತೋ,
ನಾನೇ ಅನ್ನುತ್ತಿದ್ದೆ: ಓಡ, ಓಡ.
ಡ್ರೈವರ್ ಜಟ್ಟಿ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡು
ಗೇರು ಬದಲಿಸಿದ.

ಅಲ್ಲಿ ಒಪ್ಪಿಸಿದೆ, ಪಟ್ಟಿಯ ಎಲ್ಲ ಅಂಕಿ ಓದಿ ಹೇಳಿ.
ಅಂಚಿನಲ್ಲಿ ಪೆನ್ನಿನಿಂದ ಒಂದು ಸಾಲು:
ಎಚ್ಚರಾಗಿ ಓಡ ಅಂದರೆ ಕೈ ಕಟ್ಟಬೇಡಿ,
ಎದ್ದು ಓಡುವವನಲ್ಲ. ಬಲೆ ಎಳೆಯುವವನು.

ಬಾಗಿಲು ಮುಚ್ಚಿತು.
ಎರಡು ಟವೆಲ್ ಅವನ ತಲೆಯ ಜೊತೆಗೇ ಹೋದವು.
ಈ ತಿಂಗಳ ಬಟ್ಟೆಯ ಲೆಕ್ಕದಲ್ಲಿ
ಎರಡು ಕಡಿಮೆ.