ಒಂಬತ್ತಕ್ಕೇ ಮುಗಿಯುವ ಲೆಕ್ಕ

ನ್ಯೂ ಬೆಡ್‌ಫರ್ಡಿನ ಉಪ್ಪುಗಾಳಿಗೆ
ಯಾವ ಪಿಯಾನೋದ ಶ್ರುತಿಯೂ ತಿಂಗಳು ಬಾಳುವುದಿಲ್ಲ.
ಬಂದರಿನ ಬೆನ್ನಿಗೆ, ಹದಿಮೂರು ಮೆಟ್ಟಿಲಿಳಿದು
ಆ ನೆಲಮಾಳಿಗೆಗೆ ಹೋದೆ;
ಅಪ್ಪ ಗದಗಿನಲ್ಲಿ ಹಾರ್ಮೋನಿಯಂ ಬಿಚ್ಚುತ್ತಿದ್ದ
ಅದೇ ಇಕ್ಕಳ, ಅದೇ ಅನುಮಾನದ ಕಿವಿ.

ಜುಲ್ಮೀರಾ ಫೋಂತೆಸ್ ಆಗಲೇ ಬಂದಿದ್ದಳು.
ಕೋಟು ಬಿಚ್ಚಿರಲಿಲ್ಲ. ಕಾಗದದ ಲೋಟದಲ್ಲಿ ಕಾಫಿ,
ಇನ್ನೊಂದು ಕೈಯಲ್ಲಿ ದಿನಸಿ ಚೀಟಿ,
ಅದರ ಬೆನ್ನಿಗೆ ಹಾಡು.
"ನೀನು ನಿನ್ನ ಕೆಲಸ ಮಾಡು," ಎಂದಳು,
"ನಾವು ಜಗಳವಾಡುತ್ತೇವೆ."

ಜಗಳ ಡ್ರಮ್ಮಿನ ವೆಂಡೆಲ್ ಜೊತೆ.
ಒಳ್ಳೆಯ ಹುಡುಗ, ಹತ್ತರವರೆಗೆ ಎಣಿಸಬಲ್ಲ.
ತೊಂದರೆಯೇ ಅದು.

ಇವಳ ಹಳೆಯ ಮೂರು ಆಲ್ಬಮ್ಮಿನಲ್ಲಿ ಜಗತ್ತೇ ಇದೆ ಎನ್ನುತ್ತಾರೆ:
ಇಸ್ತಾಂಬುಲಿನ ಕ್ಲಾರಿನೆಟ್ಟು, ಬಾಹಿಯಾದ ಡೋಲು,
ಮಾಲಿಯಿಂದ ಬಂದ ಇಪ್ಪತ್ತೊಂದು ತಂತಿಯ ಕೋರಾ,
ಒಂದು ಕಡೆ, ಯಾಕೋ, ಎರಡು ನಿಮಿಷ ಸಿತಾರ್.
"ಆಗ ಊರವರ ಅಡುಗೆಯೆಲ್ಲ ರುಚಿ ನೋಡುತ್ತಿದ್ದೆ," ಎಂದಳು.
"ನಮ್ಮ ಮನೆಯ ಒಲೆ ಆರಿತ್ತು."

ಈ ಹಾಡು ಅವಳ ಅವ್ವನದು.
ಕೇಪ್ ವರ್ಡ್ ದ್ವೀಪದಿಂದ ಬಂದು ಮೂವತ್ತು ವರ್ಷ
ಹಡಗುಕಟ್ಟೆಯ ಶೆಡ್ಡಿನಲ್ಲಿ ಮೀನು ಸೀಳಿದವಳು.
ಒಂದು ಜನವರಿ, ಕೈ ಮರಗಟ್ಟಿದ್ದಾಗ,
ಚಾಕು ಎಡಗೈಯ ಕಿರುಬೆರಳು ತೆಗೆದುಕೊಂಡಿತು.
ಅಂದಿನಿಂದ ಬುಟ್ಟಿಯ ಲೆಕ್ಕ ಒಂಬತ್ತಕ್ಕೇ ಮುಗಿಯುತ್ತಿತ್ತು:
ಒಂಬತ್ತು, ಮತ್ತೆ ಮೊದಲಿಂದ. ಒಂಬತ್ತು, ಮತ್ತೆ ಮೊದಲಿಂದ.
ಮೇಸ್ತ್ರಿ ಹತ್ತಕ್ಕೊಂದು ಬಿಲ್ಲೆ ಕೊಡುತ್ತಿದ್ದ.
ಇಬ್ಬರ ಲೆಕ್ಕ ಒಮ್ಮೆಯೂ ಕೂಡಲಿಲ್ಲ.

ವೆಂಡೆಲ್ ಪ್ರತಿ ಸಲ
ಆ ಇಲ್ಲದ ಬೆರಳಿಗೂ ಒಂದು ಪೆಟ್ಟು ಹಾಕುತ್ತಿದ್ದ.

ಕೇಳದೆ ಬಾಯಿ ಹಾಕಿದೆ.
ಇಕ್ಕಳ ಕೆಳಗಿಟ್ಟು ಗೆಣ್ಣು ತೋರಿಸಿದೆ,
ನಮ್ಮವ್ವ ಹಾಲಿನವಳ ಲೆಕ್ಕ ಇಡುತ್ತಿದ್ದ ಹಾಗೆ:
ಬೆರಳಿಗೆ ಮೂರು ಗೆಣ್ಣು, ಮೂರು ಬೆರಳು ಸಾಕು,
ಹೆಬ್ಬೆರಳು ಹತ್ತಿ ಇಳಿದು ಮಾಡುತ್ತದೆ.
ಕಿರುಬೆರಳು ಬೇಕಾಗುವುದೇ ಇಲ್ಲ.
ಅವಳು ನನ್ನ ಕೈಯನ್ನೇ ನೋಡಿದಳು,
ತುಸು ಹೆಚ್ಚೇ ಹೊತ್ತು.

ಆಮೇಲೆ ತನ್ನವ್ವನ ಮಾತಿನಲ್ಲಿ ಎಣಿಸಿದಳು:
ಉನ್, ದೋಸ್, ತ್ರೇಸ್, ಕ್ವಾತು, ಸಿಂಕು,
ಸೈಸ್, ಸೇತಿ, ಓಯ್ತು, ನೋವಿ.
ನಾನು ನಕ್ಕೆ. ಯಾಕೆ, ಎಂದಳು.
ನನ್ನ ಕಿವಿಗೆ, ಎಂದೆ, ಎಂಟು ಅಂದರೆ 'ಹೋಯ್ತು',
ಒಂಬತ್ತು ಅಂದರೆ 'ನೋವು'.
ಅವಳು ನಗಲಿಲ್ಲ. ಚೀಟಿ ತಿರುಗಿಸಿ
ಮೊಟ್ಟೆ, ಈರುಳ್ಳಿಯ ಕೆಳಗೆ ಏನೋ ಬರೆದುಕೊಂಡಳು.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ:
ಯಾರದೋ ಅವ್ವನ ಬಾಯಲ್ಲಿ
ನನ್ನ ಮಾತು ತುರುಕಲು ನಾನ್ಯಾರು?
ಆ ಎರಡು ನಿಮಿಷದ ಸಿತಾರಿಗೆ
ಮೂತಿ ತಿರುವಿದವಳು ತಾನೇ.

ಶನಿವಾರ ರಾತ್ರಿ ಹಿಂದೆ, ಬಿಸಿನೀರಿನ ಪೈಪಿನ ಪಕ್ಕ ನಿಂತಿದ್ದೆ.
ಕ್ಲಾರಿನೆಟ್ಟಿಲ್ಲ, ಕೋರಾ ಇಲ್ಲ.
ವೆಂಡೆಲ್ ಕೋಲು ಬದಿಗಿಟ್ಟು
ಹೆಬ್ಬೆರಳಲ್ಲಿ ಡ್ರಮ್ಮಿನ ಅಂಚು ತಟ್ಟುತ್ತಿದ್ದ, ಒಂಬತ್ತು;
ಅದರ ಮೇಲೆ ಅವಳು, ಇಂಗ್ಲಿಷಿನಲ್ಲೊಮ್ಮೆ ಕ್ರಿಯೋಲಿನಲ್ಲೊಮ್ಮೆ,
ಮಂಜುಗಡ್ಡೆಯನ್ನು, ರಬ್ಬರ್ ಬೂಟನ್ನು,
ಭಾನುವಾರವೂ ಬೆರಳ ಸಂದಿ ಬಿಡದ
ಮೀನಿನ ವಾಸನೆಯನ್ನು ಹಾಡಿದಳು.
ಜಾಜಿನ ಅರ್ಥವಿಲ್ಲದ ಅಕ್ಷರ ಎಲ್ಲಿ ಮುಗಿದು
ಎಣಿಕೆ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ.

ಕೊನೆಯ ಸುತ್ತು. ಸೇತಿ. ಓಯ್ತು.
ಆಮೇಲೆ 'ನೋವಿ'ಯ ಇಕಾರವನ್ನು
ಹಿಡಿದಳು, ಹಿಡಿದೇ ಇದ್ದಳು,
ತುಟಿ ಮೆಲ್ಲಗೆ ದುಂಡಗಾಗುತ್ತಾ ಬಂತು.

ಸುತ್ತ ಕೂತ ನಲವತ್ತು ಮಂದಿಗೆ ಅದು ಬರೀ ಸ್ವರ.
ಬೇಕೆಂದೇ ಮಾಡಿದಳೋ, ಉಸಿರು ತೀರಿ
ಬಾಯಿ ತಾನೇ ಮುಚ್ಚಿಕೊಂಡಿತೋ,
ಕೇಳಲಿಲ್ಲ.
ಚಪ್ಪಾಳೆಯ ನಡುವೆ ಇನ್ನೊಂದು ಗಮನಿಸಿದೆ:
ನಡುಸಪ್ತಕದ ಎಫ್ ತಂತಿ, ಮೂರೇ ದಿನಕ್ಕೆ,
ಕೂದಲೆಳೆಯಷ್ಟು ಇಳಿದಿದೆ.
ಸೋಮವಾರ ಮತ್ತೆ ಬರಬೇಕು.