ಉಳ್ಳಾಗಡ್ಡಿ ಪಾಳಿ

ಶನಿವಾರ ಮುಂಜಾನೆ ಏಳೂವರೆಗೆ
ಹಾರ್ಡ್‌ವೇರ್ ಅಂಗಡಿಯ ಮುಂದಿನ ಕಾರು ನಿಲ್ಲಿಸುವ ಬಯಲಲ್ಲಿ
ನಾವು ಐವರು ಡೇರೆ ಎತ್ತುತ್ತೇವೆ.
ಐವರ ವಯಸ್ಸು ಕೂಡಿಸಿದರೆ ಮುನ್ನೂರ ಐವತ್ತೊಂದು,
ಅದರಲ್ಲಿ ನನ್ನದು ನಲವತ್ತಾರು.
ಹೀಗಾಗಿ ಗ್ಯಾಸ್ ಸಿಲಿಂಡರು ಯಾವಾಗಲೂ ನನ್ನ ಪಾಲಿಗೆ.

ಹಾರ್ಶಮ್ ಊರಿಗೆ ಇನ್ನೂ ನಿದ್ದೆಗಣ್ಣು.
ಗೋಧಿ ಕಣಜಗಳ ನೆತ್ತಿಗೆ ಮಾತ್ರ ಬಿಸಿಲು.
ದೀಪದ ಕಂಬದ ಮೇಲೆ ಬಿಳಿ ಕೊರೆಲ್ಲಾ ಗಿಳಿಗಳ ಪಂಚಾಯ್ತಿ,
ಒಂದರ ಮಾತು ಇನ್ನೊಂದು ಕೇಳುವುದಿಲ್ಲ.
ನಮ್ಮ ಕ್ಲಬ್ಬಿನ ಸಭೆಯ ಹಾಗೇ, ಎನ್ನುತ್ತಾನೆ ಮರ್ವ್.
(ಎಂಬತ್ತು ದಾಟಿದವನನ್ನೂ ಇಲ್ಲಿ ಹೆಸರು ಹಿಡಿದೇ ಕರೆಯಬೇಕು.
ನನ್ನ ನಾಲಿಗೆಗೆ ಅದು ಬರಲು ಎರಡು ವರ್ಷ ಹಿಡಿಯಿತು.)

ಮಾಂಸ ಮುಟ್ಟದವಳು ನಾನು ಎಂದು
ಮೊದಲ ದಿನವೇ ಹೇಳಿದ್ದೆ, ಹೇಳಿ ಹೊರಟೂ ಇದ್ದೆ.
ಮರ್ವ್ ಇಕ್ಕಳ ಆಡಿಸುತ್ತಾ ಒಂದು ಗಳಿಗೆ ಯೋಚಿಸಿ
"ಹಾಗಾದರೆ ಉಳ್ಳಾಗಡ್ಡಿ ನಿನ್ನದು" ಅಂದ.
ಅಷ್ಟೇ. ಆರು ವರ್ಷವಾಯಿತು.
ಹಂಚಿನ ಎಡಗಡೆಯ ಒಂದೂವರೆ ಅಡಿ ಕಬ್ಬಿಣ ನನ್ನ ರಾಜ್ಯ.
ಮರುವಾರ ನೋಡಿದರೆ ಗಡಿಗೆ ಒಂದು ಲೋಹದ ಪಟ್ಟಿ,
ಆಚೆಯ ಕೊಬ್ಬು ಈಚೆ ಹರಿಯದಂತೆ ಬೆಸುಗೆ ಹಾಕಿದ್ದು.
ಯಾರೂ ಕೇಳಿರಲಿಲ್ಲ ಅವನನ್ನು.

ಹತ್ತು ಕಿಲೋ ಹೆಚ್ಚುವುದು ಹಿಂದಿನ ರಾತ್ರಿ, ಮನೆಯಲ್ಲಿ.
ಗದಗಿನಿಂದ ಅಕ್ಕನ ವಿಡಿಯೋ ಕರೆ:
"ಯಾಕ ಅಳಾಕತ್ತಿ?"
"ಅಳಾಕತ್ತಿಲ್ಲ ಯಕ್ಕಾ, ನಾಳೆ ಸೇವಾ ಐತಿ."
"ದಾಸೋಹ ಅನ್ನು."
"ಹಂಗ ಅನ್ನು. ಆದ್ರ ರೊಕ್ಕಾ ಇಸ್ಕೋತೀವಿ."
"ರೊಕ್ಕಾ ಇಸ್ಕೊಂಡು ಅದೆಂಥಾ ದಾಸೋಹ!"
ಮೂರು ಡಾಲರಿಗೆ ಒಂದು ಬ್ರೆಡ್ಡು, ಒಂದು ಸಾಸೇಜು,
ಅದರಡಿಗೆ ನನ್ನ ಉಳ್ಳಾಗಡ್ಡಿ.
ಮೇಲಿಟ್ಟರೆ ಉದುರಿ ಯಾರಾದರೂ ಜಾರಿಯಾರು
ಎಂದು ಅಂಗಡಿಯವರ ಕಟ್ಟಳೆ.
ಅಕ್ಕನಿಗೆ ಅದನ್ನೆಲ್ಲ ವಿವರಿಸಲು ಹೋಗಲಿಲ್ಲ.

ಆ ರೊಕ್ಕ ಹೋಗುವುದು ಒಂದು ಬಿಳಿ ಕಾರಿಗೆ:
ಪೆಟ್ರೋಲು, ಟೈರು, ವಿಮೆ.
ಗುರುವಾರ ಗುರುವಾರ ಅದನ್ನು ಓಡಿಸುವವಳು ನಾನು,
ಎದೆಯಲ್ಲೋ ಗಂಟಲಲ್ಲೋ ಗಂತಿ ಹೊತ್ತವರನ್ನು
ಬ್ಯಾಲರಟ್ಟಿನ ಆಸ್ಪತ್ರೆಗೆ. ಹೋಗುವುದು ಎರಡು ತಾಸು,
ಬರುವಾಗ ಅದೇ ದಾರಿ ಉದ್ದ.
ಮಾತು ಬೇಡವಾದವರಿಗೆ ಕ್ರಿಕೆಟ್ ಕಾಮೆಂಟರಿ,
ಅದೂ ಬೇಡವಾದವರಿಗೆ ಕಿಟಕಿ.
ವಾಂತಿಯ ಬಕೆಟ್ಟಿಗೆ ಗ್ಲೆನಿಸ್ ಹೊಲಿದ ಹೂವಿನ ಗವಸು,
ಬಕೆಟ್ಟು ಬಕೆಟ್ಟಿನಂತೆ ಕಾಣಬಾರದಂತೆ.

ಜುಲೈನ ಎರಡನೇ ಗುರುವಾರ ಚೀಟಿಯಲ್ಲಿ
ಎಂ. ಟ್ರೆಗೆನ್ಝಾ ಎಂದಿತ್ತು.
ಅದೇ ಮನೆತನದ ಬೇರೆ ಯಾರೋ ಅಂದುಕೊಂಡೆ.
ಇಸ್ತ್ರಿಯ ಅಂಗಿ, ನೀರು ಹಚ್ಚಿ ಬಾಚಿದ ತಲೆ,
ಹದಿನಾಲ್ಕು ವರ್ಷ ಇದೇ ಕಾರು ಓಡಿಸಿದವನು
ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿಗೆ ಬಂದು ನಿಂತ.

ಸ್ಟಾವೆಲ್ ದಾಟುವವರೆಗೆ ಮಾತಿಲ್ಲ.
ಆಮೇಲೆ, "ಬ್ರೇಕು ಜೋರಾಗಿ ಒತ್ತುತ್ತೀ."
ಅರಾರಟ್ ಹತ್ತಿರ, "ಕಳೆದ ವಾರ ಉಳ್ಳಾಗಡ್ಡಿ ತುಸು ಕರಕಾಗಿತ್ತು."
ಬೋಫೋರ್ಟಿನಲ್ಲಿ, "ಆ ಹೂವು ಗೀವು ನನಗೆ ಬೇಡ.
ಬೇಕಾದರೆ ಬರೀ ಬಕೆಟ್ಟು ಕೊಡು."
ಬರುವಾಗ ಗವಸು ಸಮೇತ ತಬ್ಬಿಕೊಂಡು ಕೂತ.

ಇವತ್ತು ಇಕ್ಕಳ ನೆವಿಲ್ಲನ ಕೈಯಲ್ಲಿ,
ಅವನು ಎಲ್ಲವನ್ನೂ ಸುಡುತ್ತಾನೆ.
ಮಾಂಸದ ವಾಸನೆ ಈಗ ಮರ್ವ್‌ಗೆ ಆಗಿಬರುವುದಿಲ್ಲ.
ಗಾಳಿ ನೋಡಿ ಮಡಿಚುವ ಕುರ್ಚಿಯನ್ನು ತಾನೇ ಎಳೆದುಕೊಂಡು
ಪಟ್ಟಿಯ ಈಚೆ, ನನ್ನ ಕಡೆ, ಕಂಬಳಿ ಹೊದ್ದು ಕೂತಿದ್ದಾನೆ.
ಹನ್ನೊಂದರ ಹೊತ್ತಿಗೆ ಮೂರು ನಾಣ್ಯ ಚಾಚಿದ:
"ಒಂದು ಬ್ರೆಡ್ಡು. ಬರೀ ಉಳ್ಳಾಗಡ್ಡಿ."
ನಿನ್ನಿಂದ ಏನು ರೊಕ್ಕ, ಅಂದೆ.
"ಪೂರ್ತಿ ತಗೋ. ಪೆಟ್ರೋಲು ತುಟ್ಟಿ."
ಅರ್ಧ ತಿಂದ. ಉಳಿದರ್ಧ ಕಿಸೆಗೆ.

ಎರಡಕ್ಕೆ ಡೇರೆ ಇಳಿಸಿ
ಗ್ಲೆನಿಸ್ ಐಸ್‌ಕ್ರೀಮ್ ಡಬ್ಬಿ ಬೋರಲು ಹಾಕಿ ಎಣಿಸುತ್ತಾಳೆ,
ನಾಣ್ಯಗಳ ಸಾಲು ಕಟ್ಟಿ, ಮತ್ತೆ ಕೆಡವಿ, ಮತ್ತೆ.
ಆರುನೂರ ಹನ್ನೊಂದು ಡಾಲರ್ ನಲವತ್ತು ಸೆಂಟ್.
ಜೊತೆಗೆ ಯಾರೋ ಎಸೆದ ಒಂದು ಕಬ್ಬಿಣದ ವಾಷರು.
ಅದನ್ನೂ ಬರೆದುಕೊಂಡಳು ಪುಸ್ತಕದಲ್ಲಿ,
ಬೇರೆ ಸಾಲಿನಲ್ಲಿ: ವಾಷರು, ಒಂದು.